ಹಿಮಾರೋಹಣದ ಫ್ರೆಂಚ್ ಪರಿಭಾಷೆಯೂ ಅದರ ಇಂಗ್ಲಿಷ್ ಭಾಷಾಂತರವೂ

ಶಾಸ್ತ್ರಗ್ರಂಥಗಳನ್ನು ಭಾಷಾಂತರಿಸುವಾಗ ಪಾರಿಭಾಷಿಕ ಶಬ್ದಗಳನ್ನು ಇದ್ದಂತೆಯೇ ಉಳಿಸಬೇಕೇ, ಸ್ವಭಾಷೆಯ ಶಬ್ದಗಳನ್ನು ಕಲ್ಪಿಸಬೇಕೇ ಎಂಬ ವಿವಾದವು ಹಳೆಯದು. ಈ ವಿವಾದದಲ್ಲಿ ಸೋತ ಪಂಡಿತನಿಗೆ ಸಾಮಾನ್ಯವಾಗಿ ಹೋಗುವುದು ಮಾನವೊಂದೇ. ಮಂಜುಗಡ್ಡೆಯ ಗೋಡೆಯನ್ನೇರುವ ವಿದ್ಯೆಯಲ್ಲಾದರೋ ಶಬ್ದವು ಕಾಲಿಗೆ ಕೊಡುವ ಆಜ್ಞೆ. ಅರ್ಥ ಜಾರಿದಲ್ಲಿ ಕಾಲೂ ಜಾರುತ್ತದೆ. ಫ್ರೆಂಚರ ಮಾತುಗಳನ್ನು ಇಂಗ್ಲಿಷಿಗೆ ತಂದವರ ಕಾರ್ಯವನ್ನು ಪರೀಕ್ಷಿಸುವಾಗ ಇದನ್ನು ಮರೆಯಲಾಗದು.

1857ರಲ್ಲಿ ಲಂಡನ್ನಿನಲ್ಲಿ ಆಲ್ಪೈನ್ ಕ್ಲಬ್ಬು ಸ್ಥಾಪಿತವಾದ ಕಾಲದಲ್ಲಿ ಆಂಗ್ಲ ಆರೋಹಿಗಳು ಮೋಂ ಬ್ಲಾಂ ಪರ್ವತದ ಬುಡದಲ್ಲಿರುವ ಶಾಮೊನಿಗೆ ಹೋಗಿ, ಅಲ್ಲಿಯ ಮಾರ್ಗದರ್ಶಕರನ್ನು ಗೊತ್ತುಮಾಡಿಕೊಂಡು ಬೆಟ್ಟವೇರುತ್ತಿದ್ದರು. ಆ ಸೀಮೆಯ ಹಲವು ಮಾತುಗಳು ಇಂಗ್ಲಿಷಿನಲ್ಲಿ ತತ್ಸಮಗಳಾಗಿ ನೆಲೆಸಿದವು. ಸೆರಾಕ್ ಎಂಬುದು ಅವುಗಳಲ್ಲೊಂದು. ಹಿಮನದಿಯು ಕಡಿದಾದ ಇಳುಕಲಿನಲ್ಲಿ ಒಡೆದಾಗ ಗೋಪುರದಂತೆ ನಿಲ್ಲುವ ಮಂಜಿನ ಹೆಬ್ಬಂಡೆಗೆ ಆ ಹೆಸರು. ಸವಾಯ್ ಸೀಮೆಯವರು ಹಾಲೊಡೆದ ನೀರಿನಿಂದ ಮಾಡುವ ಒಂದು ಬಗೆಯ ಬಿಳಿಯ ಗಿಣ್ಣನ್ನು ಸೆರಾಕ್ ಎನ್ನುತ್ತಾರೆಂದೂ, ಹಿಮಖಂಡಗಳಿಗೆ ಹೆಸರು ಬಂದದ್ದು ಅದರಿಂದಲೇ ಎಂದೂ ಸೊಸ್ಯೂರನು 1779ರಿಂದ 1796ರವರೆಗೆ ಪ್ರಕಟವಾದ ತನ್ನ ಆಲ್ಪ್ಸ್ ಪ್ರವಾಸಗ್ರಂಥದಲ್ಲಿ ತಿಳಿಸಿದ್ದಾನೆ. ಆಲಂಕಾರಿಕರು ಇದನ್ನು ಲಕ್ಷಣೆ ಎಂದಾರು. ಇಂಗ್ಲಿಷಿಗೆ ಬಂದ ಮೇಲೆ ಗಿಣ್ಣು ಮರೆತುಹೋಗಿ ಶಬ್ದವು ಬರಿಯ ರೂಢಿಯಾಯಿತು. ಚಿತ್ರ ನಷ್ಟವಾಯಿತು, ನಿಜ. ಆದರೆ ಪ್ರಾಣಹಾನಿಗೆ ಕಾರಣವಿಲ್ಲ. ಬೆರಳಿಟ್ಟು ತೋರಿಸಬಹುದಾದ ವಸ್ತುವಿಗೆ ಯಾವ ಹೆಸರಾದರೂ ಸಾಗುತ್ತದೆ.

ಹಾಗೆಂದು ಶಬ್ದವನ್ನು ಮುಟ್ಟದೆ ಬಿಟ್ಟ ಮಾತ್ರಕ್ಕೆ ಅರ್ಥವೂ ಭದ್ರವಾಗಿರುವುದೆಂದು ಭಾಷಾಂತರಕಾರನು ನಿಶ್ಚಿಂತನಾಗಕೂಡದು. ಫ್ರೆಂಚನು ‘ಒಂದು ನೆವೆಯನ್ನು ದಾಟಿದೆವು’ ಎಂದರೆ ಬೇಸಗೆಯಲ್ಲೂ ಕರಗದೆ ಉಳಿದ ಹಿಮದ ಹರಹನ್ನು ದಾಟಿದನೆಂದು ಅರ್ಥ. ಇಂಗ್ಲಿಷ್ ಆರೋಹಿಗೆ ನೆವೆ ಎಂಬುದು ಎಣಿಸುವ ವಸ್ತುವಲ್ಲ. ಕರಗಿ ಮರಳಿ ಹೆಪ್ಪುಗಟ್ಟಿ, ಕೊಡಲಿಯ ಮೊನೆಯನ್ನು ಗಟ್ಟಿಯಾಗಿ ಹಿಡಿಯುವ ಒಳ್ಳೆಯ ಹಿಮ. ಒಂದೇ ಶಬ್ದವು ಅಲ್ಲಿ ಸ್ಥಳವಾಚಿ, ಇಲ್ಲಿ ಗುಣವಾಚಿ. ಪದಶಃ ಭಾಷಾಂತರಿಸಿದರೆ ಕೇಡು ಇನ್ನೂ ಹೆಚ್ಚು. ‘ಕಸ್ಕಾದ್ ದ ಗ್ಲಾಸ್’ ಎಂದರೆ ಆರೋಹಿಗಳ ಬಳಕೆಯಲ್ಲಿ ಹೆಪ್ಪುಗಟ್ಟಿದ ಜಲಪಾತ. ಅದನ್ನು ‘ಐಸ್‌ಫಾಲ್’ ಎಂದು ಬರೆದರೆ ಇಂಗ್ಲಿಷ್ ವಾಚಕನ ಕಣ್ಣಿಗೆ ಕಟ್ಟುವುದು, ಎವರೆಸ್ಟಿನ ದಾರಿಯ ಖುಂಬುವಿನಲ್ಲಿರುವಂತೆ, ಬಿರುಕುಗಳಿಂದಲೂ ಸೆರಾಕುಗಳಿಂದಲೂ ತುಂಬಿದ ಹಿಮನದಿಯ ಕುಸಿತ. ಎರಡು ಪದಗಳೂ ಸಾಧುವೇ. ಹೋಗಿ ಸೇರುವ ಸ್ಥಳ ಮಾತ್ರ ಬೇರೆ.

ಕ್ರಿಯೆಗಳ ಹೆಸರುಗಳ ವಿಷಯವೇ ನಿಜವಾಗಿ ವಿಚಾರಾರ್ಹವಾದದ್ದು. ಅಮೆರಿಕದ ಆರೋಹಿ ಈವಾನ್ ಶ್ವಿನಾರ್ಡರು 1978ರ ‘ಕ್ಲೈಂಬಿಂಗ್ ಐಸ್’ ಗ್ರಂಥದಲ್ಲಿ ಹೆಜ್ಜೆಗಳ ಹಾಗೂ ಹಿಮಗೊಡಲಿಯ ಹಿಡಿತಗಳ ಫ್ರೆಂಚ್ ಹೆಸರುಗಳನ್ನೇ ಇಟ್ಟುಕೊಂಡರು. ‘ಪಿಯೊಲೆ ರಮಾಸ್’ ಎಂಬುದನ್ನು ನೋಡಬಹುದು. ಪಿಯೊಲೆ ಎಂದರೆ ಹಿಮಗೊಡಲಿ. ಒಂದು ಕೈಯಲ್ಲಿ ಅದರ ತಲೆಯನ್ನೂ ಇನ್ನೊಂದರಲ್ಲಿ ಕಾವನ್ನೂ ಹಿಡಿದು, ಮೈಗೆ ಅಡ್ಡಲಾಗಿಟ್ಟು, ಬುಡದ ಮೊನೆಯನ್ನು ಇಳಿಜಾರಿಗೆ ಊರುವ ಕ್ರಮವಿದು. ಫ್ರೆಂಚ್ ಬಾರದ ಶಿಷ್ಯನಿಗೆ ರಮಾಸ್ ಎಂಬ ಸದ್ದು ಏನನ್ನು ತಿಳಿಸೀತು? ಸಿಯಾಟಲಿನ ಮೌಂಟನಿಯರ್ಸ್ ಸಂಘವು 1960ರಲ್ಲಿ ಮೊದಲು ಹೊರತಂದು, ಮೇಲಿಂದ ಮೇಲೆ ಪರಿಷ್ಕರಿಸಿದ ‘ಫ್ರೀಡಮ್ ಆಫ್ ದಿ ಹಿಲ್ಸ್’ ಎಂಬ ಪಾಠಗ್ರಂಥವು ಇದನ್ನು ‘ಕ್ರಾಸ್ ಬಾಡಿ’, ಅಂದರೆ ಮೈಗಡ್ಡ, ಎಂದು ಕರೆಯಿತು. ಮೂಲಪದದ ಅರ್ಥವನ್ನು ಬಿಟ್ಟು ಮೂಲಕ್ರಿಯೆಯನ್ನು ಹಿಡಿದ ಈ ಭಾಷಾಂತರವು ಶ್ಲಾಘ್ಯವಾದುದು. ‘ಪಿಯೊಲೆ ಪಾನ್’ ಎಂಬಲ್ಲಿ ಪಾನ್ ಎಂದರೆ ಕೊಡಲಿಯ ಅಗಲಬಾಯಿ. ಫ್ರೆಂಚರು ಕೈ ಹಿಡಿದ ಭಾಗವನ್ನು ಹೆಸರಿಸಿದರೆ, ಸಿಯಾಟಲಿನವರು ಇರಿಯುವ ಬಗೆಯನ್ನು ನೋಡಿ ‘ತಗ್ಗಿನ ಕಠಾರಿ’ ಎಂದರು. ಫ್ರೆಂಚಿನಲ್ಲೇ ಕಠಾರಿ ಎನಿಸಿಕೊಂಡಿದ್ದ ಇನ್ನೊಂದು ಹಿಡಿತವು ‘ಎತ್ತರದ ಕಠಾರಿ’ಯಾಯಿತು. ಮೂಲದಲ್ಲಿಲ್ಲದ ಜೋಡಿಯೊಂದು ಹುಟ್ಟಿ, ನೆನಪಿಗೆ ಅನುಕೂಲವಾಯಿತು.

‘ಪಿಯೇ ಅ ಪ್ಲಾ’ ಎಂಬುದು ‘ಫ್ಲಾಟ್ ಫುಟಿಂಗ್’ ಆದದ್ದೂ ಹೀಗೆಯೇ. ಬೂಟಿಗೆ ಬಿಗಿದ ಕ್ರಾಂಪಾನಿನ ಕೆಳಮೊನೆಗಳೆಲ್ಲವೂ ಮಂಜಿನಲ್ಲಿ ನಾಟುವಂತೆ ಅಂಗಾಲನ್ನು ಸಮನಾಗಿ ಇಡಬೇಕು. ಅಂಚಿನ ಮೇಲೆ ನಿಂತವನಿಗೆ ಅರ್ಧ ಮೊನೆಗಳೇ ಆಧಾರ. ಹೆದರಿದ ಹೊಸಬನು ತಾನಾಗಿ ಮಾಡುವುದು ಈ ತಪ್ಪನ್ನೇ ಆದುದರಿಂದ, ಹೆಸರೇ ಅವನನ್ನು ಎಚ್ಚರಿಸಬೇಕು. ಬಾತಿನ ನಡಿಗೆಯ ಹೆಸರಿಗಂತೂ ತೊಂದರೆಯೇ ಇಲ್ಲ. ಸವಾಯಿಯ ಗಿಣ್ಣು ಎಲ್ಲರಿಗೂ ತಿಳಿಯದು, ಬಾತುಕೋಳಿ ಎಲ್ಲ ದೇಶದಲ್ಲೂ ಅಡ್ಡಗಾಲು ಹಾಕಿಯೇ ನಡೆಯುತ್ತದೆ. ಫ್ರೆಂಚ್ ಹೆಸರುಗಳಿದ್ದರೆ ಹಲವು ದೇಶದವರು ಕೂಡಿ ಏರುವಾಗ ಒಂದೇ ಮಾತು ಸಾಕಾಗುತ್ತದೆಂಬ ವಾದವುಂಟು. ಅದು ಬಲ್ಲವರಿಗೆ ಒಪ್ಪುವ ವಾದ, ಕಲಿಯುವವನಿಗಲ್ಲ.

ಕಥನಗ್ರಂಥಗಳಲ್ಲಿ ಭಾಷಾಂತರಕಾರನಿಗೆ ಸ್ವಾತಂತ್ರ್ಯ ಹೆಚ್ಚು. ಎರ್ಜೋಗನ ‘ಅನ್ನಪೂರ್ಣಾ’ವನ್ನು 1952ರಲ್ಲಿ ಇಂಗ್ಲಿಷಿಗೆ ತಂದ ನೇಯಾ ಮೊರಿನ್ ಮತ್ತು ಜಾನೆಟ್ ಆಡಮ್ ಸ್ಮಿತ್ ಇಬ್ಬರೂ ಸ್ವತಃ ಪರ್ವತಾರೋಹಿಗಳಾಗಿದ್ದುದು ಆ ಗ್ರಂಥದ ಭಾಗ್ಯವೇ ಸರಿ. ಅದೇ ಯಾತ್ರೆಯಲ್ಲಿದ್ದ ಲಿಯೊನೆಲ್ ಟೆರೆ ತನ್ನ 1961ರ ಆತ್ಮಕಥೆಗೆ ‘ನಿಷ್ಪ್ರಯೋಜನದ ವಿಜೇತರು’ ಎಂಬರ್ಥದ ಹೆಸರಿಟ್ಟನು. 1963ರಲ್ಲಿ ಜೆಫ್ರಿ ಸಟ್ಟನ್, ‘ಕಾಂಕರರ್ಸ್’ ಎಂಬ ಸರಳ ಶಬ್ದವು ಕೈಯಲ್ಲೇ ಇದ್ದರೂ, ‘ಕಾಂಕ್ವಿಸ್ಟಡಾರ್ಸ್’ ಎಂದು ಸ್ಪೇನಿನ ಶಬ್ದವನ್ನು ತಂದನು. ಮೆಕ್ಸಿಕೋ, ಪೆರು ದೇಶಗಳನ್ನು ಚಿನ್ನಕ್ಕಾಗಿ ಸೂರೆಗೊಂಡವರ ಹೆಸರನ್ನು ಏನೂ ದೊರೆಯದ ಶಿಖರಗಳನ್ನೇರಿದವರಿಗೆ ಕೊಟ್ಟದ್ದರಿಂದ ವಿರೋಧಾಭಾಸವು ಮೂಲಕ್ಕಿಂತ ಚುರುಕಾಯಿತು. ಆದರೆ ಅದು ಸಟ್ಟನನ ಅಲಂಕಾರ, ಟೆರೆಯದಲ್ಲ.