ಫರ್ಗ್ಯುಸನ್ ಹೇಳಿದ್ದು, ಸ್ಲೈಡಿಗೆ ಬಂದದ್ದು

ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ ಮಾಡುವವರಿಗೆ ವರ್ಷಕ್ಕೊಮ್ಮೆಯಾದರೂ ಈ ಯೋಗ ಕೂಡಿಬರುತ್ತದೆ. ಮೈಸೂರಿನ ಯಾವುದೋ ಹೋಟೆಲಿನ ಎ.ಸಿ. ಹಾಲು, ಮೇಜಿನ ಮೇಲೆ ಅಂಗೈಯಗಲದ ನೀರಿನ ಬಾಟಲಿ, ಹೋಟೆಲಿನ ಹೆಸರಿರುವ ಪೆನ್ನು, ಬೆಂಗಳೂರಿಂದ ಬಂದ ಟ್ರೈನರ್. ಮೊದಲ ಸ್ಲೈಡಿನಲ್ಲಿ 'ಲೀಡರ್‌ಶಿಪ್' ಅಂತ ಒಂದೇ ಪದ. ಎರಡನೆಯದರಲ್ಲಿ ಚ್ಯೂಯಿಂಗ್ ಗಮ್ ಅಗಿಯುತ್ತಿರುವ, ಕೆಂಪು ಮುಖದ ಮುದುಕ. ಸರ್ ಅಲೆಕ್ಸ್ ಫರ್ಗ್ಯುಸನ್.

ನೀವೂ ಇಂಥದ್ದರಲ್ಲಿ ಕೂತಿರುತ್ತೀರಿ, ಕತೆಗಳೂ ಗೊತ್ತಿರುತ್ತವೆ. 2003ರಲ್ಲಿ ಆರ್ಸೆನಲ್ ಎದುರು ಸೋತ ಸಿಟ್ಟಿಗೆ ಡ್ರೆಸ್ಸಿಂಗ್ ರೂಮಿನಲ್ಲಿ ಅವನು ಒದ್ದ ಬೂಟು ಹೋಗಿ ಡೇವಿಡ್ ಬೆಕ್‌ಹ್ಯಾಮ್‌ನ ಹುಬ್ಬಿಗೆ ಬಡಿಯಿತು. ಅದೇ ಬೇಸಿಗೆಯಲ್ಲಿ ಬೆಕ್‌ಹ್ಯಾಮ್ ರಿಯಲ್ ಮ್ಯಾಡ್ರಿಡ್ ಪಾಲಾದ. 2005ರಲ್ಲಿ ಕ್ಯಾಪ್ಟನ್ ರಾಯ್ ಕೀನ್‌ಗೂ ಬಾಗಿಲು ತೋರಿಸಿದ್ದಾಯಿತು. ಇಷ್ಟಾದರೂ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ 26 ವರ್ಷಕ್ಕೂ ಮೇಲೆ ಕೂತ, 38 ಟ್ರೋಫಿ ಗೆದ್ದ, ಅದರಲ್ಲಿ 13 ಲೀಗ್ ಕಿರೀಟ. ಆದ್ದರಿಂದ, ಎಂದು ಟ್ರೈನರ್ ಕ್ಲಿಕ್ಕರ್ ಒತ್ತಿದರು, ಕಠಿಣ ನಿರ್ಧಾರ ತಗೊಳ್ಳೋಕೆ ಹಿಂಜರಿಯೋನು ಲೀಡರ್ ಅಲ್ಲ. ಊಟಕ್ಕೆ ಪಲಾವ್ ಇತ್ತು.

ಇದು 2024ರ ಮಳೆಗಾಲದ ಮಾತು. ನಾನು ಶಿಫ್ಟ್ ಇನ್‌ಚಾರ್ಜ್ ಆಗಿ ಆಗಿನ್ನೂ ಐದು ತಿಂಗಳು. ಟ್ರೈನಿಂಗ್ ಮುಗಿದ ವಾರಕ್ಕೇ ಮೇಲಿನವರು ಕರೆದು, ನಿಮ್ಮ ಲೈನಿನಿಂದ ಒಬ್ಬರ ಹೆಸರು ಕೊಡಿ ಅಂದರು. ಯಾಕೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು. ನಾನು ಕೊಟ್ಟ ಹೆಸರು ಲೈನಿನ ಅತಿ ಹಿರಿಯರದು. ಎಲ್ಲರೂ ಅವರನ್ನು ದೊಡ್ಡಣ್ಣ ಅಂತಲೇ ಕರೆಯುತ್ತಿದ್ದರು. ಊರು ಟಿ. ನರಸೀಪುರದ ಕಡೆ. ಮಗಳು ಖೋ ಖೋ ಆಡುತ್ತಾಳೆ, ಟೂರ್ನಮೆಂಟ್ ಇದ್ದಾಗಲೆಲ್ಲ ಶಿಫ್ಟ್ ಬದಲಾಯಿಸಿ ಅಂತ ಬಂದು ನಿಲ್ಲುತ್ತಿದ್ದರು. ನಾನು ಹೇಳಿದ್ದಕ್ಕೆ ಎದುರು ಮಾತೂ ಆಡುತ್ತಿದ್ದರು. ಮಷೀನು ಮಾತ್ರ ಅವರ ಕೈಲಿ ಯಾವತ್ತೂ ಮುನಿದಿರಲಿಲ್ಲ, ಅದು ಬೇರೆ ವಿಷಯ. ರೇಟಿಂಗ್ ಫಾರಂನಲ್ಲಿ 'ಬದ್ಧತೆ ಕಡಿಮೆ' ಅಂತ ಬರೆದೆ. ಬರೆಯುವಾಗ ಆ ಬೂಟಿನ ಕತೆ ತಲೆಯಲ್ಲಿ ಓಡುತ್ತಿತ್ತು ಅಂದರೆ ನಗಬೇಡಿ. ಮೊದಲು ಅವರನ್ನು ಪ್ಯಾಕಿಂಗ್‌ಗೆ ಹಾಕಿದರು. ಮೂರು ತಿಂಗಳಲ್ಲಿ ಅವರೇ ಕಾಗದ ಕೊಟ್ಟು ಹೋದರು.

ನಿದ್ದೆ ಕೆಟ್ಟಿದ್ದಕ್ಕೋ ಏನೋ, ನನ್ನ ಪರವಾಗಿ ಸಾಕ್ಷಿ ಹುಡುಕುವವನ ಹಾಗೆ ಫರ್ಗ್ಯುಸನ್‌ನ 'ಲೀಡಿಂಗ್' ತರಿಸಿಕೊಂಡು ಓದಿದೆ. 2015ರ ಪುಸ್ತಕ. ಜೊತೆಗೆ ಬರೆದವನು ಸಿಲಿಕಾನ್ ವ್ಯಾಲಿಯ ಹೂಡಿಕೆದಾರ ಮೈಕೆಲ್ ಮೋರಿಟ್ಸ್. ಪುಸ್ತಕದ ಅರ್ಧ ತೊಂದರೆ ಈ ಜೋಡಿಯಲ್ಲೇ ಇದೆ. ಅನುಭವ ಫುಟ್ಬಾಲಿನದು, ಅದನ್ನು ಜೋಡಿಸಿಟ್ಟ ಕಪಾಟು ಕಂಪನಿಯದು. ನೇಮಕ, ವಜಾ, ಮಾತುಕತೆ, ಮಿತವ್ಯಯ ಅಂತ ಖಾನೆಗಳು. ಮುದುಕನಿಗೆ ಒಂದು ಮಧ್ಯಾಹ್ನ ನೆನಪಾದರೆ ಅದು ಯಾವ ಖಾನೆಗೆ ಸೇರಬೇಕು ಅನ್ನುವುದು ಮೊದಲೇ ತೀರ್ಮಾನವಾದಂತಿದೆ. ಹೀಗಾಗಿ ಹುಡುಗರ ಬಗ್ಗೆ, ಅವರ ತಂದೆತಾಯಿಗಳ ಬಗ್ಗೆ, ಸ್ಕಾಟ್ಲೆಂಡಿನ ಬಗ್ಗೆ ಹೇಳುವಾಗ ಪುಟಗಳಿಗೆ ಜೀವ ಬರುತ್ತದೆ. ಅಲ್ಲಿಂದ ನೀತಿ ಹಿಂಡುವಾಗ ಏರ್‌ಪೋರ್ಟ್ ಅಂಗಡಿಯ ಯಾವ ಪುಸ್ತಕವಾದರೂ ಆಗಬಹುದು.

ಆದರೆ ನನಗೆ ಬೇಕಾಗಿದ್ದ ಸಾಕ್ಷಿ ಅದರಲ್ಲಿ ಸಿಗಲಿಲ್ಲ. ಮೊದಲ ಅಧ್ಯಾಯದಲ್ಲಿ ಬೂಟಿಲ್ಲ, ಬೈಗುಳವಿಲ್ಲ. ಕೇಳುವುದು, ನೋಡುವುದು, ಓದುವುದು, ಇವು ಮೂರರಿಂದ ಶುರು. ಹಾರ್ವರ್ಡ್‌ನ ಪ್ರೊಫೆಸರ್ ಅನಿತಾ ಎಲ್ಬರ್ಸ್ 2013ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಅವನ ಕೆಲಸದಿಂದ ಎಂಟು ಪಾಠ ತೆಗೆದು ಬರೆದಿದ್ದರು. ನಮ್ಮ ಟ್ರೈನರುಗಳ ಸ್ಲೈಡುಗಳಿಗೆ ಮೂಲ ಬಹುಮಟ್ಟಿಗೆ ಅದೇ ಇರಬೇಕು. ಹಿಡಿತ ಎಂದೂ ಬಿಟ್ಟುಕೊಡಬೇಡ ಅನ್ನುವುದು ಅದರಲ್ಲೊಂದು. ಗಮನಿಸುವುದರ ಶಕ್ತಿಯನ್ನು ನಂಬು ಅನ್ನುವುದು ಇನ್ನೊಂದು. ಮೊದಲನೆಯದನ್ನು ನಾನು ಮೂರು ಟ್ರೈನಿಂಗ್‌ಗಳಲ್ಲಿ ಕೇಳಿದ್ದೇನೆ, ಎರಡನೆಯದನ್ನು ಒಂದರಲ್ಲೂ ಇಲ್ಲ. ಆ ಎರಡನೆಯದರ ಹಿಂದಿನ ಕತೆ ನೋಡಿ. ಅಬರ್ಡೀನ್‌ನಲ್ಲಿದ್ದಾಗ ಪ್ರಾಕ್ಟೀಸ್ ಪೂರ್ತಿ ತಾನೇ ನಡೆಸುತ್ತಿದ್ದ. ಸಹಾಯಕನಾಗಿ ಬಂದ ಆರ್ಚಿ ನಾಕ್ಸ್, ಎಲ್ಲಾ ನೀವೇ ಮಾಡೋದಾದರೆ ನನ್ನನ್ನು ಯಾಕೆ ಕರೆಸಿದಿರಿ ಅಂತ ನೇರವಾಗಿ ಕೇಳಿಬಿಟ್ಟ. ಫರ್ಗ್ಯುಸನ್‌ಗೆ ಮೊದಲು ಇಷ್ಟವಾಗಲಿಲ್ಲ. ಆಮೇಲೆ ಸೀಟಿ ಬಿಟ್ಟುಕೊಟ್ಟು ಗೆರೆಯಾಚೆ ನಿಂತ. ನಿಂತ ಮೇಲೆಯೇ ಯಾರ ನಡಿಗೆ ಬದಲಾಗಿದೆ, ಯಾರು ಮಂಕಾಗಿದ್ದಾರೆ ಅನ್ನುವುದು ಕಂಡಿತಂತೆ. ಅಂದರೆ ಎದುರು ಮಾತಾಡಿದ ಕೆಳಗಿನವನೊಬ್ಬನಿಂದ ಅವನು ತನ್ನ ಅತಿ ದೊಡ್ಡ ಪಾಠ ಕಲಿತ. ಎದುರು ಮಾತಾಡಿದ ನನ್ನ ಕೆಳಗಿನವರನ್ನು ನಾನು ಏನು ಮಾಡಿದೆ ಅಂತ ಆಗಲೇ ಹೇಳಿದ್ದೇನೆ.

ಇನ್ನೂ ಒಂದಿದೆ, ನಮ್ಮ ಏರಿಯಾದ ಯಾವ ಎಚ್.ಆರ್. ಕೂಡ ಸ್ಲೈಡಿಗೆ ಹಾಕದ್ದು. ಗ್ಲಾಸ್ಗೋದ ಗೋವನ್‌ನಲ್ಲಿ, ಹಡಗು ಕಟ್ಟುವ ಕಾರ್ಮಿಕನ ಮಗನಾಗಿ ಹುಟ್ಟಿದ ಫರ್ಗ್ಯುಸನ್ ಸ್ವತಃ ಟೂಲ್‌ಮೇಕರ್ ಅಪ್ರೆಂಟಿಸ್ ಆಗಿದ್ದವನು. ಯೂನಿಯನ್‌ನಲ್ಲಿದ್ದವನು. ಸಂಬಳದ ವಿಷಯಕ್ಕೆ ಅಪ್ರೆಂಟಿಸ್‌ಗಳನ್ನು ಮುಷ್ಕರಕ್ಕೆ ಕರೆದುಕೊಂಡು ಹೊರನಡೆದವನು. ಆ ಹುಡುಗ ಇವತ್ತು ನಮ್ಮಲ್ಲಿ ಟ್ರೈನಿಯಾಗಿ ಸೇರಿದ್ದರೆ ಆರು ತಿಂಗಳು ಉಳಿಯುತ್ತಿದ್ದನಾ?

ಉಳಿಯುವ ಮಾತು ಬಂತಲ್ಲ, ಅಸಲು ವಿಷಯ ಅದೇ. 1986ರ ನವೆಂಬರಿನಲ್ಲಿ ಫರ್ಗ್ಯುಸನ್ ಬಂದಾಗ ಯುನೈಟೆಡ್ 22 ತಂಡಗಳ ಪಟ್ಟಿಯಲ್ಲಿ 21ನೆಯದು. ಆ ಸೀಸನ್ ಮುಗಿದಾಗ 11ನೇ ಸ್ಥಾನ. ಮಾರನೇ ವರ್ಷ 2. ಅದರ ಮಾರನೇ ವರ್ಷ ಮತ್ತೆ 11. ಆಮೇಲೆ 13. ನಮ್ಮ ಅಪ್ರೈಸಲ್ ಫಾರಂನಲ್ಲಿ ಈ ನಾಲ್ಕು ಅಂಕಿ ಬರೆದು ನೋಡಿ. 1989ರ ಡಿಸೆಂಬರಿನಲ್ಲಿ ಅಭಿಮಾನಿಯೊಬ್ಬ ಮೂರು ವರ್ಷದ ಸಬೂಬು ಸಾಕು, ಹೊರಡಪ್ಪಾ ಅನ್ನುವ ಅರ್ಥದ ಬ್ಯಾನರ್ ಹಿಡಿದು ನಿಂತಿದ್ದ. ಮೊದಲ ಟ್ರೋಫಿ ಬಂದದ್ದು 1990ರ ಮೇನಲ್ಲಿ, ಮೂರೂವರೆ ವರ್ಷ ಕಳೆದ ಮೇಲೆ. ಆ ಮೂರೂವರೆ ವರ್ಷ ಅವನು ಸ್ಕೌಟ್‌ಗಳನ್ನು ಹೆಚ್ಚಿಸಿದ, ಹುಡುಗರ ತಂಡ ಕಟ್ಟಿದ. ಆ ಹುಡುಗರು ಯೂತ್ ಕಪ್ ಗೆದ್ದದ್ದು 1992ರಲ್ಲಿ. ನೆಟ್ಟದ್ದಕ್ಕೂ ಕೊಯ್ದದ್ದಕ್ಕೂ ನಡುವೆ ಆರು ವರ್ಷ. ಕಾದವರು ಯಾರು? ಛೇರ್ಮನ್ ಮಾರ್ಟಿನ್ ಎಡ್ವರ್ಡ್ಸ್ ಮತ್ತು ಅವರ ಬೋರ್ಡು. ಕಾಯುವುದೂ ಒಂದು ನಾಯಕತ್ವ ಆಗಿದ್ದರೆ ಅದರ ಪುಸ್ತಕ ಯಾರೂ ಬರೆದಿಲ್ಲ. ಫರ್ಗ್ಯುಸನ್ ಆರಿಸಿಕೊಟ್ಟ ಉತ್ತರಾಧಿಕಾರಿ ಡೇವಿಡ್ ಮೋಯ್ಸ್‌ಗೆ 2013ರಲ್ಲಿ ಆರು ವರ್ಷದ ಕರಾರು ಸಿಕ್ಕಿತು. ಹತ್ತು ತಿಂಗಳಿಗೇ ಮನೆಗೆ ಕಳಿಸಿದರು. 26 ವರ್ಷ ಆಳಿದವನ ಕ್ಲಬ್ಬು ಅವನಿಂದ ಕಲಿತದ್ದು ಇಷ್ಟು.

ಹಾಗಂತ ಮುದುಕನನ್ನು ಬಿಟ್ಟುಬಿಡುವ ಹಾಗೂ ಇಲ್ಲ. ಆ ಮೊದಲ ಟ್ರೋಫಿಯ ಹಿಂದೆ ಜಿಮ್ ಲೈಟನ್ ಇದ್ದಾನೆ. ಅಬರ್ಡೀನ್‌ನಲ್ಲಿ ಫರ್ಗ್ಯುಸನ್ ಜೊತೆಗೇ ಬೆಳೆದ, 1983ರ ಯುರೋಪಿಯನ್ ಕಪ್ ವಿನ್ನರ್ಸ್ ಕಪ್ ಗೆದ್ದ ಗೋಲ್‌ಕೀಪರ್. ಫರ್ಗ್ಯುಸನ್ನೇ ಅವನನ್ನು ಮ್ಯಾಂಚೆಸ್ಟರಿಗೂ ಕರೆಸಿಕೊಂಡ. 1990ರ ಎಫ್.ಎ. ಕಪ್ ಫೈನಲ್ ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ 3-3 ಡ್ರಾ ಆಯಿತು. ಐದು ದಿನದ ನಂತರದ ಮರುಪಂದ್ಯಕ್ಕೆ ಲೈಟನ್‌ನನ್ನು ಕೂರಿಸಿ ಲೆಸ್ ಸೀಲಿಯನ್ನು ಇಳಿಸಿದ. 1-0 ಗೆದ್ದರು. ನಿರ್ಧಾರ ಸರಿ ಅನ್ನುವುದಕ್ಕೆ ಕಪ್ಪೇ ಸಾಕ್ಷಿ ಅನ್ನುತ್ತಾರೆ. ಲೈಟನ್ ಯುನೈಟೆಡ್‌ನಲ್ಲಿ ಮತ್ತೆ ತಲೆ ಎತ್ತಲಿಲ್ಲ, ಇಬ್ಬರ ನಂಟು ಸರಿಹೋಗಲೇ ಇಲ್ಲ. ಸ್ಲೈಡಿನಲ್ಲಿ ಇದು 'ಕಠಿಣ ನಿರ್ಧಾರ', ಎರಡೇ ಪದ. 2001ರಲ್ಲಿ ಡಿಫೆಂಡರ್ ಯಾಪ್ ಸ್ಟಾಮ್‌ನನ್ನು ಮಾರಿದ್ದು ತಪ್ಪಾಯಿತು ಅಂತ ಫರ್ಗ್ಯುಸನ್ ಮುಂದೆ ಒಪ್ಪಿಕೊಂಡ. ಒಪ್ಪಿಕೊಳ್ಳುವಷ್ಟು ದೊಡ್ಡ ಕುರ್ಚಿ ಅವನಿಗಿತ್ತು. ನಮ್ಮಂಥ ಶಿಫ್ಟ್ ಇನ್‌ಚಾರ್ಜ್‌ಗಳಿಗೆ ತಪ್ಪನ್ನು ಒಪ್ಪಿಕೊಳ್ಳುವ ಕಾಲಮ್ಮೇ ಫಾರಂನಲ್ಲಿಲ್ಲ.

ದೀರ್ಘಕಾಲದ ಕೋಚ್ ಬೇಕೇ ಬೇಕು ಅಂದರೆ ಮ್ಯಾಂಚೆಸ್ಟರಿಗೇ ಹೋಗಬೇಕಾಗಿಲ್ಲ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ 1950ರಿಂದ ಸಾಯುವ ತನಕ ಭಾರತದ ತಂಡ ನೋಡಿಕೊಂಡವರು. 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. ಆ ಮೆಲ್ಬರ್ನ್ ತಂಡದಲ್ಲಿ ನಮ್ಮ ಬೆಂಗಳೂರಿನ ಕೆಂಪಯ್ಯ ಇದ್ದರು. ರಹೀಮ್ ಸಾಹೇಬರು ಮೂಲತಃ ಮೇಷ್ಟ್ರು.

ಮೇಷ್ಟ್ರು ಅಂದಾಗ ಕುರುಬೂರು ನೆನಪಾಗುತ್ತದೆ. ಟಿ. ನರಸೀಪುರ ತಾಲ್ಲೂಕಿನ ಈ ಊರು ಪೇಪರ್ ಓದುವವರಿಗೆ ರೈತ ಮುಖಂಡ ಶಾಂತಕುಮಾರ್ ಅವರಿಂದ ಗೊತ್ತು. 2025ರ ಜನವರಿ 19ರಂದು ಇನ್ನೊಂದು ಕಾರಣಕ್ಕೆ ಗೊತ್ತಾಯಿತು. ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನ ಮಹಿಳಾ ಫೈನಲ್‌ನಲ್ಲಿ ಭಾರತ ನೇಪಾಳವನ್ನು 78-40ರಿಂದ ಸೋಲಿಸಿತು. ಪಂದ್ಯದ ಶ್ರೇಷ್ಠ ಆಟಗಾರ್ತಿ ಕುರುಬೂರಿನ ರೈತರ ಮಗಳು ಬಿ. ಚೈತ್ರಾ. ಅವರಿಗೆ ಶಾಲೆಯ ದಿನಗಳಿಂದ ಆಟ ಹೇಳಿಕೊಟ್ಟವರು ಊರಿನ ಶಾಲೆಯ ದೈಹಿಕ ಶಿಕ್ಷಕರು. ಸ್ಕೌಟಿಲ್ಲ, ಬೋರ್ಡಿಲ್ಲ, ಕರಾರಿಲ್ಲ. ಗೆದ್ದು ಬಂದ ಮೇಲೆ ರಾಜ್ಯ ಸರ್ಕಾರ 5 ಲಕ್ಷ ಘೋಷಿಸಿತು. ಪಕ್ಕದ ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೊಟ್ಟದ್ದು 2.25 ಕೋಟಿ. ಚೈತ್ರಾ ಮತ್ತು ಪುರುಷರ ತಂಡದಲ್ಲಿದ್ದ ಎಂ.ಕೆ. ಗೌತಮ್ ಆ 5 ಲಕ್ಷ ಬೇಡ ಅಂದರು. ಇದೂ ಕಠಿಣ ನಿರ್ಧಾರವೇ, ಆದರೆ ಕೆಳಗಿನಿಂದ ಮೇಲಕ್ಕೆ ತಗೊಂಡದ್ದು. ಇದಕ್ಕೆ ಸ್ಲೈಡ್ ಆಗುವ ಯೋಗವಿಲ್ಲ.

ನರಸೀಪುರದ ಗುಂಜಾ ನರಸಿಂಹಸ್ವಾಮಿಯ ವಿಷಯ ನಿಮಗೆ ಗೊತ್ತಿರಬಹುದು. ಕಾಶಿಗಿಂತ ನಮ್ಮ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಅಂತ ನಮ್ಮ ಕಡೆಯವರ ನಂಬಿಕೆ. ಕುರುಬೂರಿನ ಮೇಷ್ಟ್ರನ್ನೂ ಫರ್ಗ್ಯುಸನ್‌ನನ್ನೂ ತಕ್ಕಡಿಗೆ ಹಾಕಿದರೆ ನಾನೂ ಆ ಗುಲಗಂಜಿ ಯಾವ ಕಡೆ ಇಡಬೇಕೋ ಅಲ್ಲಿಡುತ್ತೇನೆ. ಊರಿನ ಅಭಿಮಾನ ಅಂದುಕೊಳ್ಳಿ, ಬೇಜಾರಿಲ್ಲ.

ಆ ಫೆಬ್ರವರಿಯಲ್ಲಿ ಕುಂಭಮೇಳಕ್ಕೆ ಅಮ್ಮನನ್ನು ಸಂಗಮಕ್ಕೆ ಕರೆದುಕೊಂಡು ಹೋಗಿದ್ದೆ. ವಾಪಸು ಬರುವಾಗ ನರಸೀಪುರ ಬಸ್‌ಸ್ಟ್ಯಾಂಡಿನ ಜನಜಂಗುಳಿಯಲ್ಲಿ ದೊಡ್ಡಣ್ಣ ಸಿಕ್ಕರು. ತಪ್ಪಿಸಿಕೊಳ್ಳುವುದಕ್ಕೆ ಜಾಗವಿರಲಿಲ್ಲ. ಅವರೇ, "ಏನ್ ಸಾ, ಚೆನ್ನಾಗಿದ್ದೀರಾ? ಅವ್ವಾರಾ ಇವ್ರು?" ಅಂತ ಅಮ್ಮನಿಗೆ ಕೈ ಮುಗಿದರು. ಮಗಳು ಹೇಗಿದ್ದಾಳೆ ಅಂದೆ. "ಆಡ್ತಾವಳೆ. ಚೈತ್ರಾ ಗೆದ್ ಮ್ಯಾಕೆ ಇನ್ನೂ ಜೋರಾಗವಳೆ ಬುಡಿ. ಈಗ ಕರ್ಕೊಂಡೋಗಕ್ಕೆ ಟೈಮದೆ ನಂಗೆ" ಅಂದರು. ಕೊನೆಯ ಮಾತನ್ನು ಚುಚ್ಚುವುದಕ್ಕೆ ಹೇಳಿದರೋ ಸುಮ್ಮನೆ ಹೇಳಿದರೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ನಾನು ಬರೆದದ್ದೇನು ಅಂತ ಅವರಿಗೆ ಗೊತ್ತಿತ್ತಾ ಅಂತಲೂ ಕೇಳಲಿಲ್ಲ. ಅಮ್ಮನಿಗೆ ಸೀಟು ಹಿಡಿದುಕೊಟ್ಟು ಹೋದರು.

ಈ ವರ್ಷದ ಫಾರಂ ಮೊನ್ನೆ ಬಂತು, ಒಂದು ಹೆಸರಿನ ಸೂಚನೆಯೊಂದಿಗೆ. ಎರಡು ವಾರ ಶಿಫ್ಟಿನಲ್ಲಿ ನಾನೇನೂ ಹೇಳದೆ, ಬರೀ ನಿಂತು ನೋಡಿದೆ. ಕಂಡದ್ದನ್ನು, ಯಾವ ಮಷೀನಿನ ಹತ್ತಿರ ಯಾರಿಗೆ ಕಲಿಸುವವರು ಬೇಕಾಗಿದ್ದಾರೆ ಅನ್ನುವುದನ್ನು ನಾಲ್ಕು ಪುಟ ಬರೆದು ಕಳಿಸಿದೆ. ಕಳೆದ ವರ್ಷದ ಒಂದು ರೇಟಿಂಗ್ ತಪ್ಪಾಗಿತ್ತು ಅಂತಲೂ ಸೇರಿಸಿದೆ. ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಎಚ್.ಆರ್.ನಿಂದ ಇನ್ನೂ ಉತ್ತರ ಬಂದಿಲ್ಲ.