ಅನುಮಾನಕ್ಕೆ ಸಿಕ್ಕ ಸವಾರ

ಕೃಷ್ಣೆ ತುಂಬಿ ಹರಿಯುತ್ತಿದ್ದಾಳೆ. ಬಿದಿರ ಹಂದರಕ್ಕೆ ತೊಗಲು ಬಿಗಿದ ಹರಗೋಲು ಸೆಳವಿಗೆ ಸಿಕ್ಕು ಗಿರಗಿರ ತಿರುಗುತ್ತಿದೆ. ಒಳಗೆ ವಿಜಾಪುರದ ಎಳೆಯ ಸವಾರ ಅಬ್ಬಾಸ್ ಖಾನ್, ಅವನನ್ನು ಆಚೆ ದಡ ಮುಟ್ಟಿಸಲು ಹೆಣಗುವ ಬೇಡರು. ಫಿಲಿಪ್ ಮೆಡೋಸ್ ಟೇಲರನ ಕೊನೆಯ ಕಾದಂಬರಿ ‘ಎ ನೋಬಲ್ ಕ್ವೀನ್’ (1878) ನಮ್ಮನ್ನು ಮೊದಲೇ ಹೊಳೆಗೆ ಇಳಿಸಿಬಿಡುತ್ತದೆ.

ಹೆಸರು ರಾಣಿ ಚಾಂದಬೀಬಿಯದು. ನೆಲ ಮಾತ್ರ ನಮ್ಮದು. ಸಂತೆಕಲ್ಲೂರು, ಮಸ್ಕಿ ಕಡೆಯವರಿಗೆ ಜಲದುರ್ಗ, ಮುದಗಲ್ಲು ಪುಸ್ತಕದ ಊರುಗಳಲ್ಲ, ಲಿಂಗಸುಗೂರು ತಾಲ್ಲೂಕಿನ ಊರುಗಳು. 1841ರಿಂದ 1853ರವರೆಗೆ ಆಡಳಿತಾಧಿಕಾರಿಯಾಗಿ ಸುರಪುರದಲ್ಲಿದ್ದ ಟೇಲರ್ ಈ ಬಂಡೆ, ಈ ಪ್ರವಾಹ ಬಲ್ಲವನು. ಜಲದುರ್ಗದ ನಡುಗಡ್ಡೆಯ ಕೋಟೆ, ಅದರ ಕಿಲ್ಲೇದಾರ ಉಸ್ಮಾನ್ ಬೇಗನ ದರ್ಪ, ಬೇಡರ ರಂಗನಾಯಕನ ಧೈರ್ಯ ಬಂದಲ್ಲೆಲ್ಲ ಬರವಣಿಗೆಗೆ ಜೀವ ಬರುತ್ತದೆ. ನಾಯಕಿ ಝೋರಾಳ ಪ್ರೇಮಪ್ರಸಂಗಗಳಲ್ಲಿ ಅದೇ ಜೀವ ಸೊರಗುತ್ತದೆ. ನಾನಂತೂ ಕೆಲವು ಪುಟ ಹಾರಿಸಿದೆ.

ಕಾಲ 1590ರ ದಶಕ. ವಿಜಾಪುರದ ಸುಲ್ತಾನ ಇಮ್ಮಡಿ ಇಬ್ರಾಹಿಂ ಆದಿಲಶಾಹನ ಮೇಲೆ ತಮ್ಮ ಇಸ್ಮಾಯಿಲ್ ಬೆಳಗಾವಿಯಲ್ಲಿ ಬಂಡೆದ್ದಿದ್ದ. ಸರದಾರ ಐನ್-ಉಲ್-ಮುಲ್ಕ್ ಹೊರಗೆ ಸುಲ್ತಾನನಿಗೆ ಸಲಾಮು ಹೊಡೆಯುತ್ತ ಒಳಗೊಳಗೆ ಇಸ್ಮಾಯಿಲನ ಪರ ಇದ್ದ. ಅಣ್ಣತಮ್ಮಂದಿರ ಇಂಥ ಜಗಳದಲ್ಲಿ ಯಾರ ಉಪ್ಪಿನ ಋಣ ತೀರಿಸಬೇಕು ಎಂಬುದು ಎಳೆಯ ಸವಾರನ ನಿದ್ದೆ ಕೆಡಿಸಬೇಕಿತ್ತು. ಆದರೆ ಅಬ್ಬಾಸ್ ಖಾನನಿಗೆ ಆ ಕಾಟವೇ ಇಲ್ಲ. ಜನ ಅವನನ್ನು ಅನುಮಾನಿಸುತ್ತಾರೆ, ಅವನು ಮಾತ್ರ ತನ್ನನ್ನು ತಾನು ಒಮ್ಮೆಯೂ ಅನುಮಾನಿಸುವುದಿಲ್ಲ. ಕಳಂಕ ತೊಳೆದುಕೊಳ್ಳುವುದಷ್ಟೇ ಅವನ ಪಾಡು. ಸಾಹಸ ರೋಚಕ, ಮನಸ್ಸು ಪೊಳ್ಳು.

ಟೇಲರ್‌ಗೆ ಇಬ್ಬಂದಿ ತಿಳಿಯದು ಎನ್ನುವಂತಿಲ್ಲ. ಸುರಪುರದ ಬಾಲರಾಜ ವೆಂಕಟಪ್ಪನಾಯಕ ಅವನ ಕಣ್ಣೆದುರೇ ಬೆಳೆದವನು, ಅವನನ್ನು ‘ಅಪ್ಪ’ ಎಂದು ಕರೆದವನು. 1858ರಲ್ಲಿ ಆ ಹುಡುಗ ಬ್ರಿಟಿಷರ ಮೇಲೆ ತಿರುಗಿಬಿದ್ದ. ಲಿಂಗಸುಗೂರು ಛಾವಣಿಯಿಂದ ಅವನ ಮೇಲೆ ದಂಡು ಹೋಯಿತು. ಸೆರೆಸಿಕ್ಕವನನ್ನು ಟೇಲರ್ ಹೈದರಾಬಾದಿನಲ್ಲಿ ಕಂಡ, ಶಿಕ್ಷೆ ಇಳಿಸಲು ಯತ್ನಿಸಿದ. ಮರಣದಂಡನೆ ತಪ್ಪಿದರೂ ರಾಜ ಅದೇ ವರ್ಷ ಪಿಸ್ತೂಲಿನ ಗುಂಡಿಗೆ ಸತ್ತ. ಸರಕಾರದ ಅನ್ನ ಒಂದು ಕಡೆ, ‘ಅಪ್ಪ’ ಎಂಬ ಕರೆ ಇನ್ನೊಂದು ಕಡೆ. ಇದನ್ನೆಲ್ಲ ಟೇಲರ್ ಆತ್ಮಕಥೆಯಲ್ಲಿ ಬರೆದ. ಕಾದಂಬರಿಯ ಸವಾರನಿಗೆ ಅದರ ಕಾಲುಭಾಗವನ್ನೂ ಕೊಡಲಿಲ್ಲ.

ಕಾದಂಬರಿ ಓದುವವರು 1877ರಲ್ಲಿ ಬಂದ ಆ ಆತ್ಮಕಥೆಯ ಸುರಪುರದ ಪುಟಗಳನ್ನೂ ಜೊತೆಗೆ ಓದಿ. ನನ್ನ ಮಟ್ಟಿಗೆ ಟೇಲರ್ ಬರೆದ ಒಳ್ಳೆಯ ಕಾದಂಬರಿ ಅಲ್ಲಿದೆ.