ಅಭ್ಯಾಸ ಆಗುತ್ತೆ ಬಿಡಿ

ದೂರಕ್ಕೂ ಹತ್ತಿರಕ್ಕೂ ಒಂದೇ ಲೆನ್ಸಿನಲ್ಲಿ ಆಗುವ ಪ್ರೋಗ್ರೆಸಿವ್ ಕನ್ನಡಕ ಮಾರುವ ಅಂಗಡಿಗಳಲ್ಲಿ ಲೆನ್ಸಿನ ಜೊತೆಗೇ ಒಂದು ಮಾತನ್ನೂ ಕಟ್ಟಿಕೊಡುತ್ತಾರೆ: ‘ಮೊದಮೊದಲು ಸ್ವಲ್ಪ ತೇಲಿದ ಹಾಗೆ ಅನ್ನಿಸುತ್ತೆ ಸರ್, ಅಭ್ಯಾಸ ಆಗುತ್ತೆ.’ ಮೊದಲ ಸಲ ಹಾಕಿಕೊಂಡವರು ಮನೆಯ ಮೆಟ್ಟಿಲಲ್ಲಿ ತಡವರಿಸಿದರೂ, ಪೇಪರಿನ ಒಂದು ಕಾಲಂ ಓದುವಾಗ ಪಕ್ಕದ ಕಾಲಂ ಮಸುಕಾದರೂ, ನೆಟ್ಟಗಿರುವ ಬಾಗಿಲ ಚೌಕಟ್ಟು ಡೊಂಕಾಗಿ ಕಂಡರೂ ಅದೊಂದೇ ಸಮಾಧಾನ. ಕನ್ನಡಕ ಸರಿಯಾಗಿದೆಯೇ ಎಂದು ಯಾರೂ ಕೇಳುವುದಿಲ್ಲ; ಹಾಕಿಕೊಂಡವರು ಪಾಸಾದರೋ ಫೇಲಾದರೋ ಅಷ್ಟೇ ಲೆಕ್ಕ. ನನ್ನ ತಕರಾರು ಇರುವುದು ಇಲ್ಲೇ. ಈ ಲೆನ್ಸು ಕಳೆದ ಶತಮಾನದ ಜಾಣ ವಿನ್ಯಾಸಗಳಲ್ಲೊಂದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ‘ಅಭ್ಯಾಸ’ದ ಮರೆಯಲ್ಲಿ ಗಣಿತದ ಮಿತಿಯೂ ಅಂಗಡಿಯ ಅಳತೆಯ ತಪ್ಪೂ ನಮ್ಮ ಕೆಲಸಕ್ಕೆ ಹೊಂದದ ಕನ್ನಡಕವೂ ಒಟ್ಟಿಗೆ ಅಡಗಿ ಕೂತಿವೆ. ನಾವು ಒಗ್ಗಿಕೊಳ್ಳಬೇಕಾದದ್ದು ಮೊದಲನೆಯದಕ್ಕೆ ಮಾತ್ರ.

ನಲವತ್ತು ದಾಟಿದ ಮೇಲೆ ಕಣ್ಣೊಳಗಿನ ಮಸೂರ ಗಡುಸಾಗುತ್ತ ಹೋಗುತ್ತದೆ. ಹತ್ತಿರದ್ದು ಕಾಣಬೇಕಾದರೆ ಅದು ಉಬ್ಬಬೇಕು, ಉಬ್ಬುವುದಿಲ್ಲ. ಚಾಳೀಸು ಬಂತು ಅನ್ನುತ್ತೇವಲ್ಲ, ಅದು ಇದೇ. ದೂರಕ್ಕೂ ನಂಬರು ಇದ್ದವರಿಗೆ ಹಳೆಯ ಕಾಲದಲ್ಲಿ ಎರಡು ಕನ್ನಡಕವೇ ಗತಿ. ಬೆಂಜಮಿನ್ ಫ್ರಾಂಕ್ಲಿನ್‌ನಿಗೆ ಆ ತೆಗೆದು ಹಾಕುವ ರಗಳೆ ಸಾಕಾಗಿ, ಎರಡೂ ಲೆನ್ಸುಗಳನ್ನು ಅರ್ಧರ್ಧ ಮಾಡಿ ಒಂದೇ ಫ್ರೇಮಿನಲ್ಲಿ ಮೇಲೆ ಕೆಳಗೆ ಕೂರಿಸಿಕೊಂಡ. 1784 ಮತ್ತು 1785ರ ಅವನ ಪತ್ರಗಳಲ್ಲಿ ಇದರ ಖುಷಿ ಕಾಣುತ್ತದೆ. ಪ್ಯಾರಿಸ್ಸಿನ ಊಟದ ಮೇಜಿನಲ್ಲಿ ತಟ್ಟೆಯೂ ಕಾಣುತ್ತದೆ, ಎದುರಿಗೆ ಕೂತವರ ಮುಖವೂ ಕಾಣುತ್ತದೆ, ಮುಖ ಕಂಡರೆ ಅವರಾಡುವ ಫ್ರೆಂಚ್ ಚೆನ್ನಾಗಿ ತಿಳಿಯುತ್ತದೆ ಎಂದು ಬರೆದಿದ್ದ. ನಮ್ಮ ಅಜ್ಜಂದಿರ ಮೂಗಿನ ಮೇಲಿದ್ದ ಗೆರೆಯ ಬೈಫೋಕಲ್ ಅವನ ವಂಶದ್ದೇ.

ಆದರೆ ಆ ಗೆರೆಯ ಹತ್ತಿರ ನೋಟ ಹಾರುತ್ತದೆ. ನಡುವಿನ ದೂರಕ್ಕೆ, ಅಂದರೆ ಅಡಿಗೆಮನೆಯ ಶೆಲ್ಫಿಗೋ ಕಂಪ್ಯೂಟರಿಗೋ, ಅದರಲ್ಲಿ ಜಾಗವೇ ಇಲ್ಲ. ಜೊತೆಗೆ ಗೆರೆ ವಯಸ್ಸನ್ನು ಊರಿಗೆಲ್ಲ ಸಾರುತ್ತದೆ. ಪ್ರೋಗ್ರೆಸಿವ್ ಇಷ್ಟು ಮಾರಾಟವಾಗುವುದಕ್ಕೆ ದೃಷ್ಟಿಯಷ್ಟೇ ಈ ನಾಚಿಕೆಯೂ ಕಾರಣ ಎಂಬುದು ನನ್ನ ಗುಮಾನಿ. ಗೆರೆಯಿಲ್ಲದೆ ಪವರನ್ನು ಮೇಲಿಂದ ಕೆಳಕ್ಕೆ ಮೆಲ್ಲಗೆ ಏರಿಸುವ ಲೆನ್ಸಿಗೆ ಇಂಗ್ಲೆಂಡಿನ ಓವೆನ್ ಏವ್ಸ್ 1907ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ್ದರು. ಅದು ಅಂಗಡಿಯ ಮುಖ ಕಾಣಲಿಲ್ಲ. ಫ್ರಾನ್ಸಿನ ಎಂಜಿನಿಯರ್ ಬರ್ನಾರ್ ಮೆತನಾಜ್ ವರ್ಷಗಟ್ಟಲೆ ದುಡಿದು ರೂಪಿಸಿದ ‘ವ್ಯಾರಿಲಕ್ಸ್’ 1959ರಲ್ಲಿ ಮಾರುಕಟ್ಟೆಗೆ ಬಂತು. ಇವತ್ತಿನ ಎಲ್ಲ ಪ್ರೋಗ್ರೆಸಿವ್‌ಗಳೂ ಅದರ ಹಿಂದೆ ನಡೆದು ಬಂದವು.

ಇನ್ನು ಗಣಿತ. ಜರ್ಮನಿಯ ಗುಂಟರ್ ಮಿಂಕ್ವಿಟ್ಸ್ 1963ರಲ್ಲಿ ಒಂದು ಪ್ರಮೇಯ ಪ್ರಕಟಿಸಿದರು. ಲೆನ್ಸಿನ ನಡುವೆ ಮೇಲಿನಿಂದ ಕೆಳಕ್ಕೆ ಇಳಿಯುವ ಕಾರಿಡಾರಿನಲ್ಲಿ ಪವರ್ ಎಷ್ಟು ವೇಗವಾಗಿ ಏರುತ್ತದೋ, ಅದರ ಎರಡರಷ್ಟು ವೇಗದಲ್ಲಿ ಎಡಬಲಕ್ಕೆ ನೋಟವನ್ನು ಮಸುಕಾಗಿಸುವ, ಬೇಡದ ಸಿಲಿಂಡರ್ ಪವರ್ ಹುಟ್ಟಿಕೊಳ್ಳುತ್ತದೆ ಎಂಬುದು ಅದರ ತಿರುಳು. ಲೆಕ್ಕ ಹಾಕಿ ನೋಡೋಣ. ಓದಲು 2.00 ಹೆಚ್ಚುವರಿ ಪವರ್ ಬೇಕು, ಅದು 14 ಮಿಲಿಮೀಟರ್ ಇಳಿಯುವಷ್ಟರಲ್ಲಿ ಸಮನಾಗಿ ಏರುತ್ತದೆ ಅಂದುಕೊಂಡರೆ, ನಡುಗೆರೆಯಿಂದ ಪಕ್ಕಕ್ಕೆ ಪ್ರತಿ ಮಿಲಿಮೀಟರಿಗೆ ಸುಮಾರು 0.29 ಸಿಲಿಂಡರ್ ಸೇರುತ್ತದೆ. ಎರಡು ಮಿಲಿಮೀಟರ್ ಕೂಡ ಸರಿಯುವ ಮೊದಲೇ ಅದು 0.50 ಮುಟ್ಟಿ ನೋಟ ಮಸುಕಾಗತೊಡಗುತ್ತದೆ. ಅಂದರೆ ಕಾರಿಡಾರಿನಲ್ಲಿ ನಿಚ್ಚಳ ನೋಟಕ್ಕೆ ಸಿಗುವ ಅಗಲ ಎರಡೂ ಬದಿ ಸೇರಿ ಮೂರೂವರೆ ಮಿಲಿಮೀಟರ್. ಈಗಿನ ಫ್ಯಾಷನ್ನಿನ ಗಿಡ್ಡ ಫ್ರೇಮಿಗೆ ಹೊಂದಿಸಲು ಕಾರಿಡಾರನ್ನು 10 ಮಿಲಿಮೀಟರಿಗೆ ಕುಗ್ಗಿಸಿದರೆ ಆ ಅಗಲ ಎರಡೂವರೆಗೆ ಇಳಿಯುತ್ತದೆ. ಫ್ರೇಮ್ ಆರಿಸುವಾಗ ಮುಖಕ್ಕೆ ಒಪ್ಪುತ್ತದೋ ಎಂದು ಕನ್ನಡಿ ನೋಡುವವರಿಗೆ ಈ ಒಂದು ಮಿಲಿಮೀಟರಿನ ಬೆಲೆ ಯಾರೂ ಹೇಳಿರುವುದಿಲ್ಲ.

ಎಷ್ಟು ದುಡ್ಡು ಸುರಿದರೂ ಈ ಮಸುಕು ಅಳಿಸಿಹೋಗುವುದಿಲ್ಲ, ಜಾಗ ಬದಲಿಸುತ್ತದೆ. ಗಿಡ್ಡ ಕಂಬಳಿ ತಲೆಗೆಳೆದರೆ ಕಾಲಿಗಿಲ್ಲ, ಕಾಲಿಗೆಳೆದರೆ ತಲೆಗಿಲ್ಲ. ಕೆಲವು ವಿನ್ಯಾಸಗಳು ಮಸುಕನ್ನು ಅಂಚಿನಲ್ಲಿ ಒತ್ತೊತ್ತಾಗಿ ತುಂಬಿ ನಡುವನ್ನು ಅಗಲ ಮಾಡುತ್ತವೆ. ಕೆಲವು ಅದನ್ನು ತೆಳ್ಳಗೆ ಎಲ್ಲೆಡೆ ಹರಡಿ ತೇಲಾಟ ಕಡಿಮೆ ಮಾಡುತ್ತವೆ. ಕಂಪ್ಯೂಟರಿನ ಲೆಕ್ಕದಂತೆ ಬಿಂದು ಬಿಂದುವನ್ನೂ ಕೊರೆಯುವ ಫ್ರೀಫಾರ್ಮ್ ತಂತ್ರ ಬಂದ ಮೇಲೆ ಈ ಹಂಚಿಕೆ ನಿಜಕ್ಕೂ ನಾಜೂಕಾಗಿದೆ. ದುಬಾರಿ ಲೆನ್ಸು ಅಗ್ಗದ್ದಕ್ಕಿಂತ ವಾಸಿ ಎಂಬ ಮಾತಿಗೆ ಅಷ್ಟು ಆಧಾರವಿದೆ. ಆದರೆ ಅಂಗಡಿಯ ಕ್ಯಾಟಲಾಗಿನಲ್ಲಿ ಬೆಲೆ ಏರಿದ ಹಾಗೆಲ್ಲ ಅಗಲವಾಗುತ್ತ ಹೋಗಿ, ಕೊನೆಯ ಚಿತ್ರದಲ್ಲಿ ಅಂಚಿನ ತನಕ ನಿಚ್ಚಳವಾಗಿಬಿಡುವ ನೋಟ ಇದೆಯಲ್ಲ, ಅದನ್ನು ಮಿಂಕ್ವಿಟ್ಸ್ ಒಪ್ಪುತ್ತಿರಲಿಲ್ಲ.

ಒಂದು ಉಪಯೋಗದ ಮಾತೂ ಈ ಲೆಕ್ಕದಿಂದ ಹೊರಡುತ್ತದೆ. ನಲವತ್ತೆರಡು ನಲವತ್ಮೂರಕ್ಕೆ ಬೇಕಾಗುವ ಹೆಚ್ಚುವರಿ ಪವರ್ 1.00ರ ಆಸುಪಾಸಿನದು, ಆಗ ಕಾರಿಡಾರಿನ ಅಗಲ 2.00ಕ್ಕೆ ಸಿಗುವುದರ ಎರಡರಷ್ಟು. ಆ ವಯಸ್ಸಿನಲ್ಲೇ ಶುರುಮಾಡಿದವರು ತಮಗೆ ಏನೂ ತೊಂದರೆಯಾಗಲಿಲ್ಲ ಎನ್ನುವುದೂ, ಅರವತ್ತಕ್ಕೆ ಮೊದಲ ಸಲ ಹಾಕಿಕೊಂಡು 2.50ಕ್ಕೆ ಜಿಗಿದವರು ತಲೆಸುತ್ತಿ ಡಬ್ಬಿಯೊಳಗಿಡುವುದೂ ಅವರವರ ಸಹನೆಯ ಪ್ರಶ್ನೆಯಲ್ಲ.

ಮೆದುಳು ಒಗ್ಗಿಕೊಳ್ಳುತ್ತದೆ ಎನ್ನುವುದು ಸುಳ್ಳಲ್ಲ. ಕ್ಯಾಲಿಫೋರ್ನಿಯದ ಮನಶ್ಶಾಸ್ತ್ರಜ್ಞ ಜಾರ್ಜ್ ಸ್ಟ್ರಾಟನ್ 1890ರ ದಶಕದಲ್ಲಿ ಲೋಕವನ್ನೇ ತಲೆಕೆಳಗು ಮಾಡಿ ತೋರಿಸುವ ಲೆನ್ಸು ಕಟ್ಟಿಕೊಂಡು ದಿನಗಟ್ಟಲೆ ಓಡಾಡಿ, ಕೈಕಾಲು ಅದಕ್ಕೂ ಹೊಂದಿಕೊಳ್ಳುವುದನ್ನು ದಾಖಲಿಸಿದ್ದರು. ತಲೆ ತಿರುಗಿಸಿದಾಗ ನೋಟ ಕದಲದಂತೆ ಕಣ್ಣು ಎದುರು ದಿಕ್ಕಿಗೆ ಚಲಿಸುತ್ತದೆ. ಎಷ್ಟು ಚಲಿಸಬೇಕೆಂಬ ಹದವನ್ನು ಮೆದುಳು ಹೊಸ ಲೆನ್ಸಿಗೆ ತಕ್ಕಂತೆ ತಿದ್ದಿಕೊಳ್ಳುತ್ತದೆ. ತೇಲಾಟ ಕೆಲವು ದಿನಗಳಲ್ಲಿ ಇಳಿಯುವುದು ಹೀಗೆ. ಬೆಳಿಗ್ಗೆಯಿಂದ ರಾತ್ರಿಯ ತನಕ ಹಾಕಿಕೊಂಡೇ ಇರಿ, ಮಧ್ಯೆ ಹಳೆಯದಕ್ಕೆ ಮರಳಬೇಡಿ ಎಂಬ ಸಲಹೆಗೂ ಇದೇ ಕಾರಣ. ಅಲ್ಲಿಯವರೆಗೆ ಅಂಗಡಿಯವರ ಮಾತು ನಿಜ. ಅಂಚಿನ ಮಸುಕಿನ ಕಥೆ ಬೇರೆ. ಅದು ಗಾಜಿನಲ್ಲಿದೆ, ತಲೆಯಲ್ಲಲ್ಲ. ಹತ್ತು ವರ್ಷ ಹಾಕಿಕೊಂಡರೂ ಅಲ್ಲೇ ಇರುತ್ತದೆ. ನಾವು ಕಲಿಯುವುದು ಆ ಕಡೆ ಕಣ್ಣು ಹಾಯಿಸದೆ ಕುತ್ತಿಗೆ ತಿರುಗಿಸುವುದನ್ನು, ಅಷ್ಟೇ. ಒಂದು ವಾಸಿಯಾಗುವಂಥದು, ಇನ್ನೊಂದು ತಪ್ಪಿಸಿಕೊಂಡು ಬಾಳುವಂಥದು. ಇವೆರಡಕ್ಕೂ ಒಂದೇ ಹೆಸರಿಟ್ಟು ಮಾರುವುದು ಸರಿಯಲ್ಲ.

ನನ್ನ ನಿಜವಾದ ಸಿಟ್ಟು ಅಳತೆಯ ಮೇಲೆ. ಮೂರೂವರೆ ಮಿಲಿಮೀಟರಿನ ಓಣಿಯಲ್ಲಿ ನೋಟ ಹರಿಯಬೇಕಾದರೆ ಲೆನ್ಸಿನ ಗುರುತು ಪ್ರತಿ ಕಣ್ಣಿನ ಪಾಪೆಯ ಎದುರಿಗೇ ಕೂರಬೇಕು. ಎರಡು ಮಿಲಿಮೀಟರ್ ಆಚೀಚೆಯಾದರೆ ಓಣಿ ಬಿಟ್ಟು ಗೋಡೆಗೆ ಬಿದ್ದ ಹಾಗೆ. ಮೂಗು ಮುಖದ ನಟ್ಟನಡುವೆ ಇರುವವರು ಕಡಿಮೆ. ಎರಡು ಪಾಪೆಗಳ ನಡುವಿನ ಒಟ್ಟು ದೂರವನ್ನು ಅಳೆದು ಎರಡರಿಂದ ಭಾಗಿಸಿದರೆ ಸಾಲದು, ಮೂಗಿನಿಂದ ಎಡಕ್ಕೆಷ್ಟು ಬಲಕ್ಕೆಷ್ಟು ಎಂದು ಬೇರೆ ಬೇರೆ ಬರೆಯಬೇಕು. ಎತ್ತರವನ್ನು ಅಳೆಯುವುದು ಫ್ರೇಮನ್ನು ಕಿವಿಗೆ ಮೂಗಿಗೆ ಸರಿಯಾಗಿ ಕೂರಿಸಿದ ಮೇಲೆ, ನೇರವಾಗಿ ನೋಡುತ್ತಿರುವಾಗ, ಡಮ್ಮಿ ಲೆನ್ಸಿನ ಮೇಲೆ ಪೆನ್ನಿನಲ್ಲಿ ಚುಕ್ಕೆಯಿಟ್ಟು. ಮುಂದಿನ ಗಿರಾಕಿ ಕಾಯುತ್ತಿರುವ ಸಂಜೆಯಲ್ಲಿ ಇದೆಲ್ಲ ನಡೆಯುವುದು ಅಪರೂಪ. ಪ್ಲಾಸ್ಟಿಕ್ ಸ್ಕೇಲನ್ನು ಮೂಗಿನ ಮೇಲೆ ಹಿಡಿದು ‘ಅರವತ್ಮೂರು’ ಎಂದು ಬರೆದುಕೊಂಡರೆ ಮುಗಿಯಿತು. ಆಮೇಲೆ ಗಿರಾಕಿ ಓದಲು ಗಲ್ಲ ಎತ್ತಬೇಕಾಗಿ ಬಂದರೆ, ಒಂದೇ ಕಣ್ಣಿಗೆ ಅಕ್ಷರ ಸ್ಪಷ್ಟವಾದರೆ, ಅದಕ್ಕೂ ‘ಅಭ್ಯಾಸ ಆಗುತ್ತೆ’! ಆಗಬಾರದು. ಆದರೆ ಕುತ್ತಿಗೆ ನೋವು ಅಭ್ಯಾಸವಾದೀತು.

ಅಳತೆ ಸರಿಯಿದೆಯೇ ಎಂದು ಪರೀಕ್ಷಿಸುವುದು ಕಷ್ಟವಲ್ಲ. ಹೊಸ ಲೆನ್ಸಿನ ಮೇಲೆ ಅಳಿಸಿಹೋಗುವ ಶಾಯಿಯಲ್ಲಿ ಒಂದು ಕೂಡು ಗುರುತು ಇರುತ್ತದೆ. ಅದನ್ನು ಒರೆಸುವ ಮೊದಲು ಹಾಕಿಕೊಂಡು, ಗುರುತು ಪಾಪೆಯ ಮೇಲೆ ಬಿದ್ದಿದೆಯೇ ಎಂದು ಎದುರಿಗಿರುವವರಿಂದ ನೋಡಿಸಿಕೊಳ್ಳಬಹುದು. ಒರೆಸಿದ ಮೇಲೂ ಬೆಳಕಿಗೆ ಹಿಡಿದರೆ ಪ್ರತಿ ಲೆನ್ಸಿನಲ್ಲಿ 34 ಮಿಲಿಮೀಟರ್ ಅಂತರದಲ್ಲಿ ಕೊರೆದ ಎರಡು ಸಣ್ಣ ಗುರುತುಗಳು ಕಾಣುತ್ತವೆ. ಕಿವಿಯ ಕಡೆಯದರ ಕೆಳಗೆ ಓದುವ ಪವರಿನ ಅಂಕಿ ಇರುತ್ತದೆ. ಅಳತೆ ತಪ್ಪಿದ್ದರೆ ಯಾವ ಅಂಗಡಿಯಲ್ಲಾದರೂ ಇವುಗಳಿಂದ ಪತ್ತೆ ಹಚ್ಚಬಹುದು.

ಅಳತೆ ಸರಿಯಿದ್ದರೂ ಈ ಲೆನ್ಸಿಗೆ ಆಗದ ಜಾಗಗಳಿವೆ. ಅದು ಲೋಕವನ್ನು ಒಂದೇ ಕ್ರಮದಲ್ಲಿ ಕಲ್ಪಿಸಿಕೊಂಡಿದೆ: ಮೇಲೆ ದೂರ, ಕೆಳಗೆ ಹತ್ತಿರ. ಮೇಜು ಕುರ್ಚಿಯ ಬದುಕಿಗೆ ಇದು ಸರಿ. ಮದುವೆಮನೆಯಲ್ಲಿ ನೆಲದ ಮೇಲೆ ಪಂಕ್ತಿಯಲ್ಲಿ ಕೂತವರಿಗೆ ಎಲೆ ಕೆಳಗಿದ್ದರೂ ಓದುವಷ್ಟು ಹತ್ತಿರವಿಲ್ಲ. ಗ್ರಂಥಾಲಯದ ಮೇಲಿನ ಹಲಗೆಯ ಪುಸ್ತಕದ ಹೆಸರು ಹತ್ತಿರವಿದೆ, ಆದರೆ ಕೆಳಗಿಲ್ಲ. ಏಣಿ ಹತ್ತಿ ತಲೆಯ ಮೇಲಿನ ವೈರು ಜೋಡಿಸುವ ಎಲೆಕ್ಟ್ರಿಷಿಯನ್‌ನ ಪಾಡೂ ಇದೇ. ಹಾಸಿಗೆಯಲ್ಲಿ ಮಗ್ಗುಲಾಗಿ ಓದುವವರಿಗಂತೂ ಈ ಕನ್ನಡಕ ದಂಡ. ಸ್ಕೂಟರಿನವರು ಕನ್ನಡಿಯತ್ತ ಕಣ್ಣು ಮಾತ್ರ ಹೊರಳಿಸಿದರೆ ನೋಟ ನೇರ ಮಸುಕಿಗೆ ಬೀಳುತ್ತದೆ, ಹೆಲ್ಮೆಟ್ಟಿನೊಳಗೇ ತಲೆ ತಿರುಗಿಸಬೇಕು.

ಎಲ್ಲಕ್ಕಿಂತ ದೊಡ್ಡ ತೊಂದರೆ ಮೆಟ್ಟಿಲು. ನಿಂತವರ ಕಣ್ಣಿಗೂ ಪಾದಕ್ಕೂ ಒಂದೂವರೆ ಮೀಟರ್ ದೂರ, 2.50ರ ಓದುವ ಭಾಗ ಸ್ಪಷ್ಟವಾಗಿ ತೋರಿಸುವುದು 40 ಸೆಂಟಿಮೀಟರಿನಲ್ಲಿ. ಹಾಗಾಗಿ ಕಣ್ಣನ್ನಷ್ಟೇ ಇಳಿಸಿದರೆ ಮೆಟ್ಟಿಲ ಅಂಚು ಮಸುಕಾಗಿ, ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಶ್ರವಣಬೆಳಗೊಳದ ಬೆಟ್ಟದಲ್ಲಿ ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಲ್ಲಿ ಅಂಚಿಗೂ ತಳಕ್ಕೂ ಒಂದೇ ಬಣ್ಣ. ಹತ್ತುವಾಗ ಅಷ್ಟಿಲ್ಲ, ಇಳಿಯುವಾಗ ಹೆದರಿಕೆ. ಗಲ್ಲವನ್ನು ಎದೆಗೆ ತಂದು ಲೆನ್ಸಿನ ಮೇಲ್ಭಾಗದಿಂದ ನೋಡಿ ಇಳಿಯಬೇಕು. ಇದನ್ನು ಅಂಗಡಿಯಲ್ಲಿ ಹೇಳಿಕೊಟ್ಟಿದ್ದು ನಾನು ಕಂಡಿಲ್ಲ. ಆಸ್ಟ್ರೇಲಿಯದ ಸ್ಟೀಫನ್ ಲಾರ್ಡ್ ಮತ್ತು ಸಂಗಡಿಗರು 2002ರಲ್ಲಿ 156 ಹಿರಿಯರ ಮೇಲೆ ನಡೆಸಿದ ಅಧ್ಯಯನದಲ್ಲಿ ಬೈಫೋಕಲ್, ಪ್ರೋಗ್ರೆಸಿವ್‌ಗಳಂಥ ಕನ್ನಡಕ ಹಾಕುವವರು ಬೀಳುವ ಸಂಭವ ಉಳಿದವರ ಎರಡು ಪಟ್ಟಿಗೂ ಹೆಚ್ಚೆಂದು ಕಂಡಿತ್ತು. ಅದೇ ಬಳಗ 2010ರಲ್ಲಿ 606 ಜನರೊಂದಿಗೆ ಇನ್ನೊಂದು ಪ್ರಯೋಗ ಮಾಡಿತು. ಹೊರಗೆ ಓಡಾಡುವಾಗ ಹಾಕಿಕೊಳ್ಳಲು ದೂರದ ಕನ್ನಡಕವನ್ನು ಬೇರೆಯಾಗಿ ಕೊಟ್ಟಾಗ, ಹೊರಗೆ ಹೆಚ್ಚು ತಿರುಗಾಡುವವರು ಬೀಳುವುದು ಕಡಿಮೆಯಾಯಿತು. ಮನೆಯಲ್ಲೇ ಹೆಚ್ಚು ಇರುವವರು ಹೊರಗೆ ಬೀಳುವುದು ಜಾಸ್ತಿಯಾಯಿತು. ಎರಡನೆಯ ಫಲಿತಾಂಶ ನನಗೆ ಹೆಚ್ಚು ಮುಖ್ಯ. ಎಲ್ಲರಿಗೂ ಒಂದೇ ಚೀಟಿ ಬರೆದುಕೊಡಲಾಗದು ಎಂದು ಅದು ಹೇಳುತ್ತದೆ.

ಹಾಗಾದರೆ ಎರಡು ಕನ್ನಡಕದ ಹಳೆಯ ಪದ್ಧತಿಯೇ ಮೇಲೋ? ಕೆಲವರಿಗೆ ಹೌದು, ಸಂಕೋಚವಿಲ್ಲದೆ ಹೌದು. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಕಾರ್ಮಿಕರಿಗೆ ಹತ್ತಿರದ ನೋಟಕ್ಕೆ ಅಗ್ಗದ ಸಾದಾ ಕನ್ನಡಕ ಕೊಟ್ಟು ನೋಡಿದ ಪ್ರಯೋಗವೊಂದು 2018ರಲ್ಲಿ ಪ್ರಕಟವಾಯಿತು. ಅವರು ಕೀಳುವ ಎಲೆಯ ಪ್ರಮಾಣ ಕನ್ನಡಕ ಸಿಗದವರಿಗಿಂತ ಶೇಕಡ 21.7ರಷ್ಟು ಹೆಚ್ಚು ಏರಿತ್ತು. ಒಂದೇ ದೂರದಲ್ಲಿ ದಿನವಿಡೀ ಕೆಲಸ ಮಾಡುವವರಿಗೆ, ಟೈಲರಿಗೆ, ಅಕ್ಕಸಾಲಿಗೆ, ಆ ದೂರದ್ದೇ ಸಾದಾ ಲೆನ್ಸು ಸಾಕು. ಅದರ ಉದ್ದಗಲವೆಲ್ಲ ನಿಚ್ಚಳ. ದಿನಕ್ಕೆ ಎಂಟು ಗಂಟೆ ಎರಡೆರಡು ಪರದೆಗಳ ಮುಂದೆ ಕೂರುವ ಬೆಂಗಳೂರಿನವರು ಪ್ರೋಗ್ರೆಸಿವ್‌ಗೆ ಅರ್ಧ ಲಕ್ಷ ಸುರಿಯುವ ಬದಲು ಮಧ್ಯಮದ್ದನ್ನು ಕೊಂಡು, ಉಳಿದ ಹಣದಲ್ಲಿ ಕಂಪ್ಯೂಟರ್ ದೂರಕ್ಕೆಂದೇ ಇನ್ನೊಂದು ಜೊತೆ ಮಾಡಿಸಿದರೆ ಕುತ್ತಿಗೆ ಬದುಕುತ್ತದೆ.

ಆದರೆ ಬೋರ್ಡು, ಹಾಜರಿ ಪುಸ್ತಕ, ಕೊನೆಯ ಬೆಂಚು ಮೂರನ್ನೂ ಗಳಿಗೆ ಗಳಿಗೆಗೂ ನೋಡಬೇಕಾದ ಮೇಷ್ಟರಿಗೆ ಪ್ರೋಗ್ರೆಸಿವ್‌ಗೆ ಸಾಟಿಯಾದದ್ದು ನನಗೆ ಗೊತ್ತಿಲ್ಲ. ಗಲ್ಲಾಪೆಟ್ಟಿಗೆಯ ಚಿಲ್ಲರೆ, ತಕ್ಕಡಿ, ಬಾಗಿಲಲ್ಲಿ ನಿಂತ ಗಿರಾಕಿ ಎಲ್ಲವನ್ನೂ ಒಟ್ಟಿಗೆ ನಿಭಾಯಿಸುವ ಅಂಗಡಿಯವರಿಗೂ ಅಷ್ಟೇ. ಸಂತೆಯಲ್ಲಿ ಸೊಪ್ಪಿನ ಎಲೆಯ ಹುಳವನ್ನೂ ಎದುರಿಂದ ಬರುವ ಪರಿಚಯಸ್ಥರನ್ನೂ ಒಂದೇ ಕನ್ನಡಕದಲ್ಲಿ ಕಾಣುವುದು ಸಣ್ಣ ಸಾಧನೆಯಲ್ಲ. ಇಂಥ ಬದುಕಿನವರು ಮೊದಲ ವಾರದ ತೇಲಾಟವನ್ನು ಸಹಿಸಬೇಕು, ಅದಕ್ಕೆ ತಕ್ಕ ಫಲವಿದೆ.

ಎರಡು ವಾರ ಬಿಡದೆ ಹಾಕಿಕೊಂಡ ಮೇಲೂ ಓದುವಾಗ ಗಲ್ಲ ಎತ್ತಬೇಕಾದರೆ, ನೇರ ನೋಟದಲ್ಲೇ ದೂರದ ಬೋರ್ಡು ಮಸುಕಾದರೆ, ಅಂಗಡಿಗೆ ಹಿಂದಿರುಗಿ ಮತ್ತೆ ಅಳೆಸಬೇಕು. ಒಗ್ಗದಿದ್ದರೆ ಲೆನ್ಸು ಬದಲಿಸಿಕೊಡುವ ಕಂಪನಿಗಳು ಹಲವು ಇವೆ, ಅವಧಿಯೊಳಗೆ ಕೇಳಿದರೆ ಮಾತ್ರ. ಆ ಅವಧಿಯನ್ನೂ ಎಡಗಣ್ಣು ಬಲಗಣ್ಣಿನ ಅಳತೆಗಳನ್ನೂ ದುಡ್ಡು ಕೊಡುವ ಮೊದಲೇ ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು.